ಹೆಬ್ಬೆರಳಿಗೊಂದು ರಿಮೋಟು

ಟಿ.ವಿ.ಯಲ್ಲಿ ಮದುಮಗಳು ತಲೆಕೆಳಗಾಗಿ ನಡೆದು ಬಂದಳು. ತೋರಣ ನೆಲದಲ್ಲಿತ್ತು, ಚಾಪೆ ಮೇಲಿತ್ತು, ಪುರೋಹಿತರು ಬಾವಲಿಯ ಹಾಗೆ ನೇತಾಡುತ್ತ ಮಂತ್ರ ಹೇಳುತ್ತಿದ್ದರು. ಉಪ್ಪುಂದದಲ್ಲಿ ಗಣಪನ ಮನೆಯ ಜಗಲಿಯಲ್ಲಿ ಸೇರಿದ್ದ ನೆಂಟರು ಮೊದಲು ಬಾಯಿಗೆ ಸೆರಗು ಒತ್ತಿಕೊಂಡರು, ಆಮೇಲೆ ತಡೆಯಲಾರದೆ ಬಿದ್ದು ಬಿದ್ದು ನಕ್ಕರು. ಮಕ್ಕಳು ಟಿ.ವಿ.ಯ ಮುಂದೆ ಅಂಗಾತ ಮಲಗಿ, ಕುತ್ತಿಗೆ ಹಿಂದಕ್ಕೆ ಚಾಚಿ, ಹೀಗೆ ನೋಡಿದರೆ ಸರಿಯಾಗಿ ಕಾಣುತ್ತದೆ ಎಂದು ದೊಡ್ಡವರಿಗೆ ಹೇಳಿಕೊಟ್ಟರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮದುಮಗಳ ತಾಯಿ, ಗಣಪನ ಅಕ್ಕ. ವಿಡಿಯೋಕ್ಕೆ ತಮ್ಮನಿದ್ದಾನಲ್ಲ ಎಂದು ಅವಳು ಬೇರೆ ಯಾರನ್ನೂ ಕರೆಸಿರಲಿಲ್ಲ.

ಗಣಪನೂ ನಕ್ಕ. ನಗುತ್ತಲೇ ಎದ್ದು, ಟಿ.ವಿ.ಗೆ ಸಿಕ್ಕಿಸಿದ್ದ ವಯರು ಕಿತ್ತು, ಕ್ಯಾಮೆರಾವನ್ನು ಅದರ ಕಪ್ಪು ಚೀಲಕ್ಕೆ ಹಾಕಿ ಕಪಾಟಿನ ತಲೆಯ ಮೇಲಿಟ್ಟ. ನಗದೆ ಕೂತಿದ್ದವಳು ಅವನ ಹೆಂಡತಿ ವನಜ ಒಬ್ಬಳೇ.

ಅವನು ತಮಾಷೆಗೆ ಹಾಗೆ ಮಾಡಿದ್ದಲ್ಲ. ಮುಂಬಯಿಯ ಕ್ಯಾಂಟೀನಿನಲ್ಲಿದ್ದ ಅಣ್ಣ ಆ ಕ್ಯಾಮೆರಾ ತಂದುಕೊಟ್ಟಾಗ ಗಣಪನಿಗೆ ಎರಡು ಕೈಯೂ ನೆಟ್ಟಗಿದ್ದವು. ಬೋಟಿಗೆ ರಜೆ ಇದ್ದ ದಿನವೆಲ್ಲ ಅವನು ಅದನ್ನು ಹಿಡಿದು ಅಲೆಯುತ್ತಿದ್ದ. ಬಂದರದ ಮೀನಿನ ಹರಾಜು, ಬಲೆ ಹೊಲಿಯುವ ಮುದುಕರು, ನಾಮಕರಣ, ಗೃಹಪ್ರವೇಶ, ಯಾರು ಕರೆದರೂ ಹೋಗುತ್ತಿದ್ದ. ಒಂದು ಊಟಕ್ಕಿಂತ ಹೆಚ್ಚು ಯಾರ ಹತ್ತಿರವೂ ಕೇಳಿದವನಲ್ಲ. ಎರಡು ಸಾವಿರದ ನಾಲ್ಕರಲ್ಲಿ, ಆಳಕಡಲಿನಲ್ಲಿ ಬಲೆ ಎಳೆಯುವಾಗ, ಹಗ್ಗ ಸುತ್ತಿ ಎಳೆಯುವ ವಿಂಚ್ ಯಂತ್ರದ ಉರುಳೆಗೂ ಹಗ್ಗಕ್ಕೂ ನಡುವೆ ಅವನ ಬಲಗೈ ಸಿಕ್ಕಿಕೊಂಡಿತು. ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳೆಲ್ಲ ಹೋದವು. ಆಮೇಲೆ ಅವನು ಬಲೆ, ದಾರ, ಸೀಸದ ಗುಂಡು ಮಾರುವ ಅಂಗಡಿಯೊಂದಕ್ಕೆ ಸೇರಿಕೊಂಡ. ಬಲಗೈ ಸದಾ ಪ್ಯಾಂಟಿನ ಕಿಸೆಯೊಳಗಿರುತ್ತಿತ್ತು. ಬಂದರದ ಕಡೆ ತಲೆ ಹಾಕುವುದನ್ನೇ ಬಿಟ್ಟುಬಿಟ್ಟ.

ಕ್ಯಾಮೆರಾ ಮಾಡಿದವರು ಅದನ್ನು ಬಲಗೈಯವರಿಗೆಂದೇ ಮಾಡಿದ್ದರು. ಹಿಡಿಪಟ್ಟಿ ಬಲಕ್ಕೆ, ಶುರುಮಾಡುವ ಗುಂಡಿ ಬಲ ಹೆಬ್ಬೆರಳಿಗೆ, ದೂರದ್ದನ್ನು ಹತ್ತಿರ ಎಳೆಯುವ ಜೂಮ್ ಬಲದ ತೋರುಬೆರಳಿಗೆ. ಹಿಡಿಯುವ ಬೆರಳುಗಳಿಲ್ಲದೆ ಬರಿ ಹೆಬ್ಬೆರಳಿನಿಂದ ಒತ್ತಿದರೆ ಕ್ಯಾಮೆರಾವೇ ಅಲುಗುತ್ತದೆ, ಎಡಗೈಯಲ್ಲಿ ಹಿಡಿದರೆ ಗುಂಡಿ ಎಟುಕುವುದಿಲ್ಲ. ಮೂರು ಕಾಲಿನ ಸ್ಟ್ಯಾಂಡಿಗೆ ಏರಿಸಿದರೆ, ಅದನ್ನು ತಿರುಗಿಸುವ ಹಿಡಿಯಲ್ಲಿ ಎಡಗೈ ಇರಬೇಕು. ಗುಂಡಿ ಒತ್ತಲೆಂದು ಹಿಡಿ ಬಿಟ್ಟರೆ ಚಿತ್ರ ಕುಡಿದವನ ಹಾಗೆ ತೂರಾಡುತ್ತದೆ. ಕೊನೆಗೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಎಡಗೈಯಲ್ಲಿ ಹಿಡಿದರೆ ಗುಂಡಿ ಬೆರಳಿಗೆ ಸಿಗುತ್ತದೆ ಎಂದು ಅವನು ಕಂಡುಕೊಂಡಿದ್ದ. ಚಿತ್ರವೂ ತಲೆಕೆಳಗಾಗುತ್ತದೆ ಎಂಬುದು ಮದುವೆಯ ಗಡಿಬಿಡಿಯಲ್ಲಿ ಹೊಳೆದಿರಲಿಲ್ಲ.

ಮರುವಾರ ಅವನು ಚೀಲ ಹೆಗಲಿಗೇರಿಸಿ ಬೈಂದೂರಿನ ಬಸ್ಸು ಹತ್ತಿದ. ಎಲ್ಲಿಗೆಂದು ವನಜ ಕೇಳಿದ್ದಕ್ಕೆ, ಇಟ್ಟು ಇಟ್ಟು ಬೂಷ್ಟು ಹಿಡಿಸುವುದಕ್ಕಿಂತ ಕೊಟ್ಟುಬಿಡುವುದು ಒಳ್ಳೆಯದು ಎಂದ.

ಬೈಂದೂರಿನ ಟಿ.ವಿ. ರಿಪೇರಿ ಅಂಗಡಿಯ ಯಜಮಾನರು ಊಟಕ್ಕೆ ಹೋಗಿದ್ದರು. ಒಳಗೆ ಕೆರಾಡಿಯ ಹುಡುಗಿ ಚೇತನಾ ಕೂತಿದ್ದಳು. ಡಿಪ್ಲೊಮಾ ಓದಿ ಅಲ್ಲಿ ಕೆಲಸಕ್ಕಿದ್ದವಳು. ಅವಳು ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿ, ಕ್ಯಾಸೆಟ್ ಓಡಿಸಿ, ಮಸೂರಕ್ಕೆ ಬೆಳಕು ಹಿಡಿದಳು.

"ಲಾಯ್ಕ್ ಇತ್ತಲೆ ಅಣ್ಣ. ಕೊಡೂದ್ ಎಂತಕೆ?"

"ಇದ್ ಬಲಗೈ ಇಪ್ಪವ್ರಿಗೆ ಮಾಡಿದ್ದ್," ಎಂದ ಗಣಪ.

ಅವಳು ಅವನ ಕಿಸೆಯ ಕಡೆ ನೋಡಿದಳು. ಸಂಕೋಚದಿಂದ ಕಣ್ಣು ತಿರುಗಿಸಲಿಲ್ಲ, ಅಯ್ಯೋ ಎನ್ನಲೂ ಇಲ್ಲ. "ಆ ಕೈಯಂಗೆ ಎಂತೆಲ್ಲ ಮಾಡುಕಾತ್ತ್ ಅಣ್ಣ?" ಎಂದು ಕೇಳಿದಳು.

ಎರಡು ವರ್ಷದಲ್ಲಿ ಅವನಿಗೆ ಯಾರೂ ಹಾಗೆ ಕೇಳಿರಲಿಲ್ಲ. ಏನೇನು ಆಗುವುದಿಲ್ಲ ಎಂದೇ ಎಲ್ಲರೂ ಕೇಳುತ್ತಿದ್ದರು: ಊಟ ಹೇಗೆ, ಅಂಗಿ ಗುಂಡಿ ಹೇಗೆ, ಸೈಕಲ್ಲು ಹೇಗೆ. ಗಣಪ ಕೈಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟ. ಹೆಬ್ಬೆರಳನ್ನು ಮಡಚಿ ಬಿಚ್ಚಿ ತೋರಿಸಿದ. ಅದು ಗಟ್ಟಿಯಾಗಿತ್ತು.

ಚೇತನಾ ತನ್ನ ಬ್ಯಾಗಿನಿಂದ ಒಂದು ಸೋಪಿನ ಡಬ್ಬಿ ತೆಗೆದಳು. ಅದರ ಮುಚ್ಚಳದಲ್ಲಿ ಮೂರು ಗುಂಡಿಗಳಿದ್ದವು, ತುದಿಯಿಂದ ಸಪೂರದ ವಯರೊಂದು ಹೊರಟಿತ್ತು. ಅವಳಿಗೂ ವಿಡಿಯೋದ ಹುಚ್ಚಿತ್ತು. ಭಾನುವಾರಗಳಲ್ಲಿ ಊರಿನ ಕಾಡಂಚಿನಲ್ಲಿ ಹಕ್ಕಿಗೂಡುಗಳಿಗೆ ಕ್ಯಾಮೆರಾ ಇಟ್ಟು ಕಾಯುತ್ತಿದ್ದಳು. ಗುಂಡಿ ಮುಟ್ಟಿದರೆ ಚಿತ್ರ ನಡುಗುತ್ತಿತ್ತು, ಹತ್ತಿರ ಹೋದರೆ ಹಕ್ಕಿ ಹಾರುತ್ತಿತ್ತು. ಇಂಥ ಕ್ಯಾಮೆರಾಗಳ ಬದಿಯಲ್ಲಿ ರಬ್ಬರಿನ ಮುಚ್ಚಳದಡಿ ಸಣ್ಣ ತೂತೊಂದು ಇರುತ್ತದೆ, ಅದಕ್ಕೆ ವಯರು ಸಿಕ್ಕಿಸಿ ದೂರದಿಂದಲೇ ನಡೆಸಬಹುದು ಎಂದು ಅವಳು ಸೈಬರ್ ಕೆಫೆಯಲ್ಲಿ ಕೂತು ಓದಿ ತಿಳಿದುಕೊಂಡಿದ್ದಳು. ಕಂಪನಿಯ ರಿಮೋಟು ಹೊರದೇಶದಿಂದ ಬರಬೇಕು, ಅದರ ಬೆಲೆಗೆ ಇನ್ನೊಂದು ಹಳೆಯ ಕ್ಯಾಮೆರಾವೇ ಸಿಗುತ್ತದೆ. ಹಾಗಾಗಿ ಒಂದು ಎಲೆಕ್ಟ್ರಾನಿಕ್ ಚಿಪ್, ಮೂರು ಗುಂಡಿ, ಹೆಡ್‌ಫೋನಿನಂಥದೇ ಒಂದು ಪಿನ್ನು ಹುಡುಕಿ ತಾನೇ ಮಾಡಿಕೊಂಡಿದ್ದಳು.

ಗಣಪನ ಕ್ಯಾಮೆರಾದಲ್ಲೂ ಆ ತೂತಿತ್ತು. ಇಷ್ಟು ವರ್ಷ ಅದು ಮೈಕಿನದೆಂದು ಅವನು ತಿಳಿದಿದ್ದ. ವಯರು ಸಿಕ್ಕಿಸಿ ಅವಳು ಗುಂಡಿ ಒತ್ತಿದಾಗ, ಯಾರೂ ಮುಟ್ಟದ ಕ್ಯಾಮೆರಾದೊಳಗೆ ಮಸೂರ ಜುಂಯ್ ಎಂದು ಸರಿಯಿತು. ಪುಟ್ಟ ಪರದೆಯಲ್ಲಿ ರಸ್ತೆಯಾಚೆಯ ಹೋಟೆಲಿನ ಬೋರ್ಡು ಹತ್ತಿರ ಬಂದು ನಿಂತಿತು. ಗಣಪ ತಾನೇ ಒಂದು ಸಲ ಒತ್ತಿದ. ಮತ್ತೊಂದು ಸಲ ಒತ್ತಿದ. ಮಾರುವ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಅವಳು ರಟ್ಟಿನ ಮೇಲೆ ಅವನ ಬಲಗೈ ಇರಿಸಿ ಪೆನ್ಸಿಲಿನಲ್ಲಿ ಸುತ್ತಲೂ ಗೆರೆ ಎಳೆದುಕೊಂಡಳು. ಹೆಬ್ಬೆರಳು ಎಲ್ಲಿಯವರೆಗೆ ಸಲೀಸಾಗಿ ಹೋಗುತ್ತದೆ, ಎಲ್ಲಿ ನೋಯುತ್ತದೆ ಎಂದು ಕೇಳಿ ಕೇಳಿ ಗುರುತು ಹಾಕಿದಳು. ಸಾಮಾನಿನ ಖರ್ಚು ಕೊಟ್ಟರೆ ಸಾಕು ಎಂದಳು. ಕೆಲವು ದಿನಗಳಲ್ಲಿ ಹೊಸ ಡಬ್ಬಿ ತಯಾರಾಯಿತು. ಹಳೆಯ ವಾಚಿನ ಪಟ್ಟಿಯಿಂದ ಅದನ್ನು ಅಂಗೈಗೆ ಬಿಗಿದುಕೊಂಡರೆ ಮೂರೂ ಗುಂಡಿಗಳು ಹೆಬ್ಬೆರಳಿನ ಕೆಳಗೇ ಬರುತ್ತಿದ್ದವು. ಎಡಗೈ ಸ್ಟ್ಯಾಂಡಿನ ಹಿಡಿಗೆ, ಬಲಗೈ ಗುಂಡಿಗೆ. ಆ ಸಂಜೆ ಗಣಪ ಅಂಗಳದ ಬಾಳೆಗಿಡ, ಬಾವಿಕಟ್ಟೆ, ಒಲೆ ಮುಂದಿದ್ದ ವನಜ, ಅವಳ ಮೂಗುಬೊಟ್ಟು, ಎಲ್ಲವನ್ನೂ ಹತ್ತಿರಕ್ಕೆ ತಂದ, ದೂರಕ್ಕೆ ಕಳಿಸಿದ. ಬೆಂಕಿಗೆ ಅವಳ ಮೋರೆ ಕೆಂಪಾಯಿತೋ ನಾಚಿಕೆಗೋ ಎಂದು ಹೇಳುವಂತಿರಲಿಲ್ಲ. ಸಾಕು ಮಾಡಿ ಎಂದು ವನಜ ಗದರಿದಳು, ಆದರೆ ಎದ್ದು ಹೋಗಲಿಲ್ಲ.

ಕೈಯಲ್ಲಿ ಕ್ಯಾಮೆರಾ ಇದ್ದರೆ ಹೋಗಲೇಬೇಕಾದ ಜಾಗ ಒಂದಿತ್ತು. ಭಾನುವಾರ ಅವನು ಗಂಗೊಳ್ಳಿ ಬಂದರಕ್ಕೆ ಹೋಗಿ, ಹೊಳೆ ಕಡಲು ಸೇರುವ ಅಳಿವೆಯ ಕಲ್ಲಿನ ದಂಡೆಯ ಮೇಲೆ ಸ್ಟ್ಯಾಂಡು ನಿಲ್ಲಿಸಿದ. ಮಧ್ಯಾಹ್ನದ ಬೋಟುಗಳು ಒಂದೊಂದಾಗಿ ಒಳಬರುತ್ತಿದ್ದವು. ಅವುಗಳಲ್ಲಿ ತಾನು ದುಡಿಯುತ್ತಿದ್ದ ಬೋಟನ್ನು ಅವನು ಬಣ್ಣದಿಂದಲೇ ಗುರುತಿಸಿದ. ಹೆಬ್ಬೆರಳು ಒತ್ತಿದ.

ಪುಟ್ಟ ಪರದೆಯೊಳಗೆ ಸುಬ್ಬ ಹತ್ತಿರ ಬಂದ. ಆ ಬೋಟಿನ ತಾಂಡೇಲ, ನಡೆಸುವ ಹಿರಿಯ. ಅಪಘಾತದ ದಿನ ವಿಂಚಿನ ಬಳಿ ನಿಂತಿದ್ದವನು ಅವನೇ. ಹಗ್ಗವನ್ನು ಚೂರಿಯಿಂದ ಕೊಯ್ದು, ಬಲೆಯನ್ನು ಕಡಲಿಗೆ ಬಿಟ್ಟು, ತನ್ನ ಲುಂಗಿ ಹರಿದು ಗಣಪನ ಕೈಗೆ ಸುತ್ತಿದವನೂ ಅವನೇ. ಆಸ್ಪತ್ರೆಗೆ ಒಂದು ಸಲ ಬಂದು ಬಾಗಿಲಲ್ಲಿ ನಿಂತು ಹೋದದ್ದಷ್ಟೆ. ಆಮೇಲೆ ಎದುರು ಸಿಕ್ಕರೆ ಬೇರೆ ದಾರಿ ಹಿಡಿಯುತ್ತಿದ್ದ. ಗಣಪನಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಆದರೆ ಸಿಟ್ಟಿಲ್ಲ ಎಂದು ಹೇಳಿಯೂ ಇರಲಿಲ್ಲ.

ಪರದೆಯಲ್ಲಿ ಸುಬ್ಬನ ಗಡ್ಡ ಬೆಳ್ಳಗಾಗಿತ್ತು. ಬೋಟು ಧಕ್ಕೆಗೆ, ಮೀನು ಇಳಿಸುವ ಕಟ್ಟೆಗೆ, ತಾಗಿದ ಮೇಲೆ ಆಳುಗಳು ಸಡಿಲ ಬಿದ್ದ ಹಗ್ಗವನ್ನು ವಿಂಚಿಗೆ ಸುತ್ತತೊಡಗಿದರು. ಸುಬ್ಬ ಬಂದು ಒಬ್ಬೊಬ್ಬರನ್ನೂ ತೋಳು ಹಿಡಿದು ಹಿಂದಕ್ಕೆ ಸರಿಸಿದ. ಎಲ್ಲರ ಕೈಯೂ ದೂರವಿದೆಯೇ ಎಂದು ನೋಡಿದ. ಆಮೇಲೆ ತಾನೊಬ್ಬನೇ ಬಗ್ಗಿ, ಹಗ್ಗದ ಕೊನೆ ಒಳಗೆ ಹೋಗಿ ಉರುಳೆ ನಿಲ್ಲುವತನಕ ಬಾಯಿ ಬಿಗಿಹಿಡಿದು ಸುತ್ತಿದ. ಅಷ್ಟು ಹೊತ್ತೂ ಗಣಪ ಹೆಬ್ಬೆರಳನ್ನು ಅಲುಗಿಸಲಿಲ್ಲ.

ಸುಬ್ಬ ಧಕ್ಕೆಗೆ ಇಳಿದಾಗ ಗಣಪ ಅಲ್ಲಿಗೆ ಬಂದು ನಿಂತಿದ್ದ. ಸುಬ್ಬ ಐಸಿನ ಲಾರಿಯ ಹಿಂದೆ ಸರಿಯಲು ನೋಡಿದ.

"ಹ್ವಾಯ್ ಸುಬ್ಬಣ್ಣ, ನಿಲ್ಲಿ."

ಸುಬ್ಬ ನಿಂತ. ತಲೆ ಎತ್ತದೆ ಹೇಳಿದ: "ನಿನ್ನ್ ಮೋರೆ ಕಾಂಬುಕೆ ನಂಗೆ ಧೈರ್ಯ ಇಲ್ಲೆ ಗಣಪ. ಒಂಚೂರ್ ಮೊದ್ಲ್ ನಿಲ್ಸಿರೆ ಬೆರಳ್ ಉಳೀತಿತ್ತ್."

"ನೀವ್ ಹಗ್ಗ ಕೊಯ್ದಿಲ್ದಿರೆ ಹೆಗ್ಲ್ ತನಕ ಹೋತಿತ್ತ್. ಈ ಹೆಬ್ಬೆಟ್ಟ್ ನೀವ್ ಉಳ್ಸಿ ಕೊಟ್ಟದ್ದ್. ಇಷ್ಟ್ ದಿನ ಹೇಳುಕಾಯ್ಲಿಲ್ಲೆ."

ಗಣಪ ಅದನ್ನು ಮುಂದೆ ಹಿಡಿದ. ಸುಬ್ಬ ಬಹಳ ಹೊತ್ತು ಆ ಕೈಯನ್ನೂ ಅದಕ್ಕೆ ಕಟ್ಟಿದ ಸೋಪಿನ ಡಬ್ಬಿಯನ್ನೂ ನೋಡಿದ. ಅವನ ಕಣ್ಣು ತುಂಬಿತ್ತು. ಮುಖ ಒರೆಸಿಕೊಂಡವನು ಕೊನೆಗೆ ಕೇಳಿದ್ದು, ಅದೇನು ಕೈಗೆ ಕಟ್ಟಿಕೊಂಡದ್ದು ಎಂದು. ಗಣಪ ಅಲ್ಲೇ ಮೀನಿನ ಬುಟ್ಟಿಗಳ ನಡುವೆ ಎಲ್ಲವನ್ನೂ ವಿವರಿಸಿದ. ಹೊರಡುವಾಗ ಸುಬ್ಬ ಅವನ ಚೀಲಕ್ಕೆ ಎರಡು ದೊಡ್ಡ ಅಂಜಲ್ ಮೀನು ಹಾಕಿ, ಒಂದು ಅವಳಿಗೆ, ಡಬ್ಬಿ ಮಾಡಿದವಳಿಗೆ ಎಂದ.

ಚೇತನಾ ಮೀನು ತಿನ್ನುವವಳಲ್ಲ. ಅದನ್ನು ಯಜಮಾನರು ಸಂತೋಷದಿಂದ ಒಯ್ದರು. ಅವಳು ಟಿ.ವಿ.ಗೆ ಕ್ಯಾಮೆರಾ ಸಿಕ್ಕಿಸಿ ವಿಂಚಿನ ಚಿತ್ರವನ್ನು ಮತ್ತೆ ಮತ್ತೆ ನೋಡಿದಳು. ಜೂಮ್ ನಿಲ್ಲುವಲ್ಲಿ ಚೂರು ಜಗ್ಗುತ್ತದೆ, ನಿಧಾನ ಮಾಡಿಕೊಡುತ್ತೇನೆ ಎಂದು ಡಬ್ಬಿ ಬಿಚ್ಚಿದಳು. ಗಣಪ ಉಪಕಾರವಾಯಿತು ಎಂದಾಗ ಬೆಸುಗೆಯ ಹೊಗೆಯ ಹಿಂದಿನಿಂದ, ತಲೆ ಎತ್ತದೆ, "ನಾ ಮಾಡಿದ್ದನ್ನ ಇನ್ನೊಬ್ರ್ ಬಳ್ಸೂದ್ ಇದೇ ಸುರು ಅಣ್ಣ. ಖುಷಿ ನಂಗೇ ಜಾಸ್ತಿ," ಎಂದಳು.

ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗಿಳಿಯುವ ದಿನ ಸುಬ್ಬ ತಾನಾಗಿ ಉಪ್ಪುಂದಕ್ಕೆ ಬಂದು ಗಣಪನನ್ನು ಕರೆದ. ಕೆಲಸಕ್ಕಲ್ಲ, ವಿಡಿಯೋ ತೆಗೆಯಲಿಕ್ಕೆ. ವನಜ ಬುತ್ತಿ ಕಟ್ಟಿದಳು. ಧಕ್ಕೆಯವರೆಗೆ ತಾನೂ ಬಂದಳು. ಸುಬ್ಬ ತನ್ನ ಕೈಯಾರೆ ಸ್ಟ್ಯಾಂಡಿನ ಮೂರು ಕಾಲುಗಳನ್ನು ಬೋಟಿನ ಕಂಬಕ್ಕೆ ಬಿಗಿದ.

ಅಳಿವೆ ದಾಟುವಾಗ ಅಲೆ ಬೋಟನ್ನು ಮೆಲ್ಲಗೆ ಎತ್ತಿ ಇಳಿಸಿತು. ಬಾಯಿಗೆ ಉಪ್ಪುಗಾಳಿ ಬಡಿಯಿತು. ಗಣಪ ಕ್ಯಾಮೆರಾವನ್ನು ದಡದ ಕಡೆ ತಿರುಗಿಸಿ ಹೆಬ್ಬೆರಳು ಒತ್ತಿದ. ದಂಡೆಯ ಮೇಲೆ ಚುಕ್ಕಿಗಳಂತಿದ್ದ ಜನ ಒಬ್ಬೊಬ್ಬರಾಗಿ ಬಿಡಿಸಿಕೊಂಡರು. ಅವರ ನಡುವೆ ವನಜ, ಬಿಸಿಲಿಗೆ ಸೆರಗನ್ನು ಹಣೆಗೆ ಹಿಡಿದುಕೊಂಡು, ಪಕ್ಕದಲ್ಲಿ ಹೋಗುತ್ತಿದ್ದ ಬೇರೆ ಯಾರದೋ ಬೋಟಿಗೆ ಕೈ ಬೀಸುತ್ತಿದ್ದಳು.