ನುಚ್ಚಿಗೆ ಬಂದ ಮೀನು

ಅಂಕಲಗಿ ಹತ್ತಿರದ ಹಳ್ಳದ ಮಡುವಿನಲ್ಲಿ ಬೆರಳುದ್ದದ, ಕೆಂಪು ಬಾಲದ ಮೀನುಗಳಿದ್ದವು. ಸುತ್ತಲಿನ ಬೇರೆ ಯಾವ ನೀರಿನಲ್ಲೂ ಅವು ಕಾಣುತ್ತಿರಲಿಲ್ಲ. ಜನ ಅವನ್ನು ಗಂಗವ್ವನ ಮಕ್ಕಳು ಎನ್ನುತ್ತಿದ್ದರು. ಯಾರೂ ಬಲೆ ಬೀಸದಂತೆ ಕಾಯುವುದು ಉದ್ದವ್ವನ ಮನೆತನದ ಕೆಲಸ. ಬಸುರಿಗೆ ಸೀಮಂತದ ಕುಬಸ ಮಾಡಿದ ದಿನ ಅವಳ ಕೈಯಿಂದ ಮೀನಿಗೆ ಜೋಳದ ನುಚ್ಚು ಹಾಕಿಸುವರು. ಎಷ್ಟು ಮೀನು ಮೇಲೆ ಬಂದರೆ ಅಷ್ಟು ಒಳ್ಳೆಯದು.

ಈ ಸಲ ಉದ್ದವ್ವನ ಸೊಸೆ ಚನ್ನವ್ವನದೇ ಕುಬಸ. ಮೂರು ವರ್ಷದಲ್ಲಿ ಎರಡು ಬಸಿರು ಇಳಿದು ಹೋಗಿದ್ದವು. ಮುದುಕಿ ಜೀವ ಕೈಯಲ್ಲಿ ಹಿಡಿದುಕೊಂಡೇ ಮಡುವಿಗೆ ಬಂದಿದ್ದಳು.

ಚನ್ನವ್ವ ಮುಷ್ಟಿ ಬಿಚ್ಚುವ ಮೊದಲೇ ಮೀನೆಲ್ಲ ಮೇಲೆ ಬಂದು ಬಾಯಿ ಬಿಟ್ಟವು.

"ನೋಡವಾ, ಗಂಗವ್ವ ಎಲ್ಲಾ ಮಕ್ಕಳನ್ನೂ ಕಳಿಸ್ಯಾಳ!" ಎಂದು ಉದ್ದವ್ವ ಕಣ್ಣೊರೆಸಿಕೊಂಡಳು.

ಮರುದಿನವೂ ಹಾಗೆಯೇ ಬಂದವು. ಊರಿಗೆ ಊರೇ ನುಚ್ಚು ತಂದು ಸುರಿಯಿತು. ಮೀನು ತಿನ್ನದ ಜನ, ಮೀನಿನ ಸಂಕಟ ಅವರಿಗೆಲ್ಲಿ ತಿಳಿಯಬೇಕು! ನುಚ್ಚು ಹಾಗೇ ಉಳಿದು ಹುಳಿವಾಸನೆ ಹೊಡೆಯತೊಡಗಿತು. ಉದ್ದವ್ವ ಅದನ್ನು ಕಂಡೂ ಕಾಣದ ಹಾಗಿದ್ದಳು.

ಮೂರನೆಯ ದಿನ ಮೌಲಾಅಲಿ ಬಂದ. ಹಳ್ಳದ ಮೇಲ್ಗಡೆ, ನೂಲಿಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ಮೂರು ವರ್ಷದಿಂದ ದುಡಿಯುವವನು. ಮೊಣಕೈವರೆಗೂ ನೀಲಿ.

"ನುಚ್ಚು ಹಾಕಬ್ಯಾಡ್ರಿ, ಅವ್ವಾರ. ಅವು ಹಸ್ದು ಬಂದಿಲ್ಲ, ಉಸುರು ಸಿಗವಲ್ದು ಅವಕ್ಕ. ನಾವು ಬಣ್ಣದ ಹಂಡೆ ಚೆಲ್ಲೂದು ಇದ ಹಳ್ಳಕ್ಕರಿ. ಬಣ್ಣ ದಾರ್ಯಾಗ ಉಳೀತೈತಿ, ಅದರಾಗಿನ ವಿಷದ ಔಷಧ ಇಲ್ಲಿತನಾ ಬರತೈತಿ. ಈ ವರ್ಷ ನೀರೂ ಕಡಿಮಿ."

ಉದ್ದವ್ವ ಸೀರೆ ಎತ್ತಿ ಕಟ್ಟಿ ಮಡುವಿಗಿಳಿದಳು. ಸತ್ತು ತೇಲಿದ್ದವನ್ನು ಸರಿಸಿ, ಜೀವವಿದ್ದವನ್ನು ಸೆರಗಿನಲ್ಲಿ ಸೋಸಿ, ಕೊಡಕ್ಕೆ ಹಾಕಿ, ತನ್ನ ಹಿತ್ತಲ ಬಾವಿಗೆ ತಂದು ಬಿಟ್ಟಳು. ಹದಿನೇಳು ಮೀನು. ಹಳ್ಳದಿಂದ ಬಾವಿಗೆ ಇಪ್ಪತ್ತೇ ಹೆಜ್ಜೆ. ಮರಳಿನಲ್ಲಿ ಬಸಿದು ಬರುವ ನೀರು ಸಿಹಿ ಎಂದು ಮೂರು ವರ್ಷದ ಹಿಂದೆ ತಾನೇ ನಿಂತು ತೋಡಿಸಿದ್ದಳು.

"ಇಲ್ಲೇ ಬದುಕಿಕೊಳ್ರಿ, ನನ್ನವ್ವಗಳಿರಾ," ಎಂದಳು.

ಬೆಳಗ್ಗೆ ಎದ್ದವಳೇ ಬಾವಿಗೆ ಇಣುಕಿದಳು. ಹದಿನೇಳೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು.

"ಇಲ್ಲೂ ಎಲ್ಲಾ ಮ್ಯಾಲೆ ಬಂದಾವ ನೋಡ್ರಿ, ಅತ್ತಿ!" ಹಿಂದೆ ಬಂದ ಚನ್ನವ್ವ ನಗುತ್ತ ತಂಬಿಗೆಯನ್ನು ಬಾಯಿಗೆತ್ತಿದಳು.

ಉದ್ದವ್ವ ಅದನ್ನು ಕಸಿದು ನೆಲಕ್ಕೆ ಬಡಿದಳು. "ಈ ನೀರು ಕುಡಿಯಾಕ ಹತ್ತಿ ಎಷ್ಟು ದಿನಾ ಆತು?"

ಚನ್ನವ್ವ ಗಾಬರಿಯಾದಳು. "ಬಾವಿ ತೋಡಿದಾಗಿಂದ್ರಿ. ಮಂದಿ ತರೂ ಹೊಳಿ ನೀರು ಬ್ಯಾಡ, ಬಸುರಿಗೆ ಇದ ಛಲೋ ಅಂತ ನೀವ ಹೇಳಿದ್ರೆಲ್ಲಾ."