ಕಿವಿ ಕೇಳದವಳ ಸಾಕ್ಷಿ

ವಕೀಲಮ್ಮನ ಕರಿಕೋಟಿನ ತೋಳಿನಲ್ಲಿ ಮೂರು ಗುಂಡಿ ಇರಬೇಕಾದ ಕಡೆ ಎರಡೇ ಇವೆ, ಎರಡನೆಯದೂ ಒಂದೇ ಒಂದು ಎಳೆಯ ಮೇಲೆ ನೇತಾಡುತ್ತಿದೆ, ಇನ್ನೊಂದು ಸಲ ಕೈ ಬೀಸಿ ಮಾತಾಡಿದರೆ ಬಿದ್ದೇ ಹೋಗುತ್ತದೆ, ಹೇಳಿಬಿಡೋಣವೇ, ಕೈಚೀಲದಲ್ಲಿ ಸೂಜಿ ಇದೆ, ಕರಿದಾರವೂ ಇದೆ, ಎರಡು ನಿಮಿಷದ ಕೆಲಸ — ಎಲ್ಲಿದೆ, ಕೋರ್ಟಿನ ಬಾಗಿಲಲ್ಲಿ ಪೊಲೀಸಿನವಳು ಚೀಲ ತಡಕಿ ಸೂಜಿಡಬ್ಬಿ ತೆಗೆದಿಟ್ಟುಕೊಂಡಳಲ್ಲ, ಹೋಗುವಾಗ ಇಸ್ಕೊಳ್ಳಿ ಅಜ್ಜಿ ಅಂದಳು, ನಲವತ್ತು ವರ್ಷದಲ್ಲಿ ಸೂಜಿಯಿಲ್ಲದೆ ಹೀಗೆ ಬೆರಳು ಬಿಟ್ಟುಕೊಂಡು ಕೂತದ್ದು ಇದೇ ಮೊದಲು, ಬೆರಳಿಗೂ ಏನು ಮಾಡಬೇಕೋ ತಿಳಿಯದೆ ಸೆರಗಿನ ಅಂಚನ್ನು ಮಡಿಸುತ್ತಿದೆ, ಬಿಡಿಸುತ್ತಿದೆ. ಬೀದಿಯ ದರ್ಜಿಗಳೆಲ್ಲ ಅಂಗಿ ಹೊಲಿದು ಕಾಜಾ ಹಾಕಲು ಅವಳ ಮನೆಗೇ ಕಳಿಸುತ್ತಾರೆ, ಅದಕ್ಕೇ ಅವಳಿಗೆ ಕಾಜಾ ಅಜ್ಜಿ ಎಂದು ಹೆಸರು, ಗುಂಡಿ ತೂರುವ ಆ ಸಣ್ಣ ಸೀಳನ್ನು ಕತ್ತರಿಸಿ ಸುತ್ತ ದಾರದಿಂದ ಕಟ್ಟಬೇಕು, ಕಟ್ಟದಿದ್ದರೆ ಬಟ್ಟೆ ಅಲ್ಲಿಂದಲೇ ಹರಿಯುತ್ತಾ ಹೋಗುತ್ತದೆ. ಸೊಸೆಯ ಪರದ ಈ ವಕೀಲಮ್ಮ ಬಗ್ಗಿ ಹೇಳುತ್ತಿದ್ದಾಳೆ, ಅಮ್ಮಾ, ಕಂಡದ್ದು ಹೇಳಿ, ಕೇಳಿಸಿದ್ದು ಹೇಳಿ, ಅನ್ನಿಸಿದ್ದು ಮಾತ್ರ ಹೇಳ್ಬೇಡಿ, ಅದು ಇಲ್ಲಿ ನಡೆಯಲ್ಲ — ಅವಳು ತಲೆಯಾಡಿಸಿದಳು, ಅರವತ್ತೆಂಟು ವರ್ಷದಲ್ಲಿ ಕೂಡಿಟ್ಟದ್ದೆಲ್ಲ ಅನ್ನಿಸಿದ್ದೇ, ಅದನ್ನು ಎಲ್ಲಿ ಇಳಿಸಿ ಒಳಗೆ ಹೋಗಬೇಕು. ಉದ್ದನೆಯ ಬೆಂಚು. ಈ ತುದಿಯಲ್ಲಿ ಸೊಸೆ, ಎಡಗೈ ಮಣಿಕಟ್ಟಿಗೆ ಪಟ್ಟಿ, ಆ ತುದಿಯಲ್ಲಿ ಕಂಬಕ್ಕೆ ಒರಗಿ ಮಗ, ನಡುವೆ ಅವಳು, ಬೇಕೆಂದು ಕೂತದ್ದಲ್ಲ, ಜಾಗ ಅಲ್ಲೇ ಇತ್ತು. ಮಗ ತಿಳಿನೀಲಿ ಅಂಗಿ ಹಾಕಿಕೊಂಡು ಬಂದಿದ್ದಾನೆ, ಅದರ ಕಾಜಾ ಅವಳೇ ಹಾಕಿದ್ದು, ಏಳೂ ಕಾಜಾ, ಒಂದೊಂದಕ್ಕೂ ಇಪ್ಪತ್ತೆರಡು ಹೊಲಿಗೆ, ಅವನಿಗೆ ಬಿಗಿಯಾಗಿರಬೇಕು, ಸಡಿಲವಾದರೆ ಬೈಯುತ್ತಾನೆ.

ಹೊರಗಿನವರನ್ನು ಕೇಳಿದರೆ ಎಷ್ಟು ಒಳ್ಳೆಯ ಹುಡುಗ ಅಂತಾರೆ, ಅದು ಸುಳ್ಳೂ ಅಲ್ಲ, ಲಿಫ್ಟ್ ರಿಪೇರಿ ಮಾಡುವವನು, ಯಾರಾದರೂ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡರೆ ಇವನು ಹೊರಗೆ ನಿಂತು ಹೆದರ್ಬೇಡಿ ಅಮ್ಮಾ, ಐದೇ ನಿಮಿಷ, ನಾನಿಲ್ಲೇ ಇದ್ದೀನಿ ಎಂದು ಮೆತ್ತಗೆ ಮಾತಾಡಿಸುತ್ತಾ ಬಾಗಿಲು ತೆಗೆಯುತ್ತಾನಂತೆ, ಹಾಗೆ ಹೊರಗೆ ಬಂದ ಒಬ್ಬಾಕೆ ಮನೆಗೆ ಹುಡುಕಿಕೊಂಡು ಬಂದು ಇಂಥ ಮಗನ್ನ ಹೆತ್ತಿರಲ್ಲ ಎಂದು ಕೈ ಹಿಡಿದುಕೊಂಡಿದ್ದಳು, ಅವತ್ತು ಒಳಗೆ ಸೊಸೆ ಕೆನ್ನೆಗೆ ತಣ್ಣೀರ ಬಟ್ಟೆ ಒತ್ತಿಕೊಂಡು ಕೂತಿದ್ದಳು, ಇವಳು ಬಂದಾಕೆಗೆ ಚಹಾ ಮಾಡಿಕೊಟ್ಟಳು. ಚಹಾ. ಚಹಾ ಅಂದರೆ ಆ ಪೊಲೀಸಿನವನೇ ನೆನಪಾಗುತ್ತಾನೆ, ಹಾಳಾಗಿ ಹೋಗಲಿ, ಯಾಕೆ ನೆನಪಾಗಬೇಕು, ನಲವತ್ತು ವರ್ಷ ಆಯಿತು — ಅವಳ ಗಂಡ, ಮಗನ ಅಪ್ಪ, ಹಾಡುಹಗಲೇ ಅವಳನ್ನು ಮೆಟ್ಟಿಲ ಮೇಲೆ ತಳ್ಳಿ ಚಿಲಕ ಹಾಕಿಕೊಂಡ ದಿನ, ಕಂಕುಳಲ್ಲಿ ಕೂಸು, ಕಾಲಿಗೆ ಚಪ್ಪಲಿಯಿಲ್ಲ, ಹಾಗೇ ಠಾಣೆಯವರೆಗೆ ನಡೆದಿದ್ದಳು, ಸಾಹೇಬರು ನೋಡಿದರು, ನಕ್ಕರು, ಮನೆ ವಿಷಯ ಮನೇಲೇ ಇರ್ಲಿ ಕಣಮ್ಮ, ಗಂಡ ಅಂದ್ಮೇಲೆ ಒಂದು ಮಾತು ಬರುತ್ತೆ ಒಂದು ಏಟು ಬೀಳುತ್ತೆ, ಅಂದು ಒಬ್ಬ ಪೇದೆಯನ್ನು ಜೊತೆ ಮಾಡಿ ಕಳಿಸಿದರು, ಪೇದೆ ಬಾಗಿಲು ಬಡಿದ, ಗಂಡ ತೆರೆದ, ಇಬ್ಬರೂ ಕುರ್ಚಿ ಎಳೆದುಕೊಂಡು ಮಳೆ ಬೆಳೆಯ ಮಾತಾಡಿದರು, ಅವಳು ಊದಿದ ಕೈಯಲ್ಲೇ ಇಬ್ಬರಿಗೂ ಚಹಾ ಮಾಡಿ ತಂದಿಟ್ಟಳು, ಸಕ್ಕರೆ ಕಡಿಮೆ ಆಯ್ತು ಅಂದ ಪೇದೆ. ಪೇದೆ ಹೋದ ಮೇಲೆ ಸಕ್ಕರೆಗೂ ಒಂದು ಏಟು ಬಿತ್ತು.

ಈಗ ಹಾಗಲ್ಲವಂತೆ, ಆಫೀಸರಮ್ಮ ಹೇಳಿದ್ದಳು, ಹೆಂಗಸರ ರಕ್ಷಣೆಗೆಂದೇ ಸರಕಾರ ಇಟ್ಟ ಆಫೀಸರು, ಮಣಿಕಟ್ಟು ಮುರಿದ ವಾರ ಸೊಸೆ ತಾನಾಗಿಯೇ ಹೋಗಿ ಅರ್ಜಿ ಬರೆಸಿದ ಮೇಲೆ ಒಂದು ಬೆಳಿಗ್ಗೆ ಫೈಲು ಹಿಡಿದು ಮನೆಗೇ ಬಂದಳು, ಸಣ್ಣ ವಯಸ್ಸು, ಚಪ್ಪಲಿ ಹೊರಗೆ ಬಿಟ್ಟು ಬಂದು ನೆಲದ ಮೇಲೇ ಇವಳ ಪಕ್ಕ ಕೂತಳು, ಅಮ್ಮಾ, ಈ ಮನೆ ನಿಮ್ಮ ಹೆಸರಲ್ಲಿರ್ಲಿ ನಿಮ್ಮ ಮಗನ ಹೆಸರಲ್ಲಿರ್ಲಿ, ನಿಮ್ಮ ಸೊಸೆ ಸಂಸಾರ ಮಾಡಿದ ಮನೆ ಇದು, ಅವಳನ್ನ ಯಾರೂ ಹೊರಗೆ ಹಾಕೋ ಹಾಗಿಲ್ಲ, ಬೇಕಾದ್ರೆ ಹೊಡೆಯೋನೇ ಹೊರಗೆ ಹೋಗ್ಬೇಕು. ಹೊಡೆಯೋನೇ ಹೊರಗೆ — ಅವಳು ಆ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ಮಗುಚಿ ನೋಡಿದಳು, ಹೊಸ ಬಗೆಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ ಹಾಗೆ, ಮೆಟ್ಟಿಲ ಮೇಲೆ ಕೂಸು ಹಿಡಿದು ಕೂತವಳಿಗೆ ಅಂದು ಯಾರಾದರೂ ಇದನ್ನು ಹೇಳಿದ್ದರೆ. ನೀವು ಏನಾದ್ರೂ ನೋಡಿದ್ದೀರಾ ಅಮ್ಮ, ಕೂಗಾಟ ಕೇಳಿದ್ದೀರಾ. ಮಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ, ಸೊಸೆ ಕಿಟಕಿಯ ಹತ್ತಿರ, ಇಬ್ಬರೂ ಇವಳ ಬಾಯಿಯನ್ನೇ ನೋಡುತ್ತಿದ್ದರು, ಇವಳು ಸೂಜಿಗೆ ದಾರ ಪೋಣಿಸಿದಳು, ಕಣ್ಣು ಇನ್ನೂ ಚುರುಕು, ಒಂದೇ ಸಲಕ್ಕೆ ಹೋಯಿತು, ಆಮೇಲೆ ಹೇಳಿದಳು, ನನಗೆ ಕಿವಿ ಮಂದ ಕಣಮ್ಮ, ಏನೂ ಕೇಳ್ಸಲ್ಲ. ಆಫೀಸರಮ್ಮ ಬರೆದುಕೊಂಡಳು. ಸೊಸೆ ಸಂಜೆ ಒಂಟಿಗೈಯಲ್ಲೇ ಇವಳ ತಟ್ಟೆಗೆ ಬಡಿಸಿ, ಸಾಕಾ ಅತ್ತೆ, ಅಂತ ಮಾಮೂಲಿನ ದನಿಯಲ್ಲೇ ಕೇಳಿದಳು, ಕೂಗಿ ಕೇಳಲಿಲ್ಲ, ಅವಳಿಗೆ ಗೊತ್ತಿತ್ತು ಕೇಳಿಸುತ್ತದೆ ಅಂತ.

ಯಾಕೆ ಹಾಗಂದೆ, ಯಾಕೆ, ಯಾಕೆಂದರೆ ಅವನು ನಿನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಒಂಬತ್ತು ವರ್ಷದವನಿದ್ದಾಗ ಅಪ್ಪ ನಿನ್ನ ಜುಟ್ಟು ಹಿಡಿದು ಎಳೆಯುತ್ತಿದ್ದರೆ ಓಡಿ ಬಂದು ಅಪ್ಪನ ಕೈ ಕಚ್ಚಿದವನು, ಹಲ್ಲಿನ ಗುರುತು ಮೂಡಿತ್ತು, ಅಪ್ಪ ಗೋಡೆಗೆ ಎಸೆದ, ಹಣೆ ಒಡೆಯಿತು, ಔಷಧಿ ಹಚ್ಚುವಾಗ ಅಳಲೇ ಇಲ್ಲ, ದೊಡ್ಡೋನಾದ್ಮೇಲೆ ನಿನ್ನ ಬೇರೆ ಮನೆಗೆ ಕರ್ಕೊಂಡು ಹೋಗ್ತೀನಿ ಅಮ್ಮ, ಅಲ್ಲಿ ಯಾರೂ ಹೊಡೆಯಲ್ಲ ಅಂದ, ಆ ಹುಡುಗ ಎಲ್ಲಿ ಹೋದ, ಯಾವ ವರ್ಷ, ಯಾವ ತಿಂಗಳು ಹೋದ, ಅವನಿಗೆ ಊಟಕ್ಕೆ ಹಾಕುತ್ತಾ, ಅಂಗಿ ಹೊಲಿಯುತ್ತಾ ಇದ್ದವಳಿಗೇ ತಿಳಿಯಲಿಲ್ಲವಲ್ಲ. ಮದುವೆಯಾದ ಎರಡನೇ ತಿಂಗಳು ಮೊದಲ ಏಟು ಬಿದ್ದಾಗ ಸೊಸೆ ಇವಳ ಕಡೆ ನೋಡಿದ್ದಳು, ಇವಳು ಎದ್ದು ಹೋಗಿ ಮಾಡಿದ್ದೇನು, ಬೀದಿ ಕಡೆಯ ಕಿಟಕಿ ಮುಚ್ಚಿದ್ದು. ಆಮೇಲೆ ಹತ್ತಿರ ಕೂತು ಬುದ್ಧಿ ಬೇರೆ ಹೇಳಿದಳು, ಅವನ ಕೋಪ ಹಾಲು ಉಕ್ಕಿದ ಹಾಗೆ, ತಾನಾಗೇ ಇಳಿಯುತ್ತೆ, ನೀನು ಎದುರು ಮಾತಾಡ್ಬೇಡ. ತಾನು ಸೊಸೆಯ ಪರ ಸಾಕ್ಷಿ ಹೇಳುವುದು ಗೊತ್ತಾಗಿ ತನ್ನ ಅಣ್ಣ ನಿನ್ನೆ ಫೋನು ಮಾಡಿ ಬೈದ, ಹೆತ್ತ ಮಗನ್ನ ಕೋರ್ಟಿನಲ್ಲಿ ನಿಲ್ಲಿಸ್ತೀಯಾ, ನಿನ್ನ ಕರುಳು ಕರುಳೋ ಕಲ್ಲೋ, ನಾಳೆ ಹಾಸಿಗೆ ಹಿಡಿದ್ರೆ ನೋಡೋರು ಯಾರು, ಆ ಸೊಸೇನಾ — ಅವಳು ಹೂಂ ಅಂದಳು, ಊಂಹೂಂ ಅಂದಳು, ಫೋನು ಇಟ್ಟ ಮೇಲೂ ಅವನ ದನಿ ಕಿವಿಯಲ್ಲಿ ಉಳಿಯಿತು, ಕಿವಿ ಮಂದ ಅಂತೆ, ಎಲ್ಲಾ ಕೇಳಿಸುತ್ತದೆ, ಪಕ್ಕದ ಕೋಣೆಯಲ್ಲಿ ಟೈಪ್ ಮಾಡುವ ಸದ್ದು, ಆ ತುದಿಯಲ್ಲಿ ಮಗ ಬೆರಳು ನೆಟಿಕೆ ಮುರಿಯುವ ಸದ್ದು, ಹೆಸರು ಕೂಗುತ್ತಿದ್ದಾರೆ, ಯಾರ ಹೆಸರು, ಅದು ತನ್ನದೇ, ಕಾಜಾ ಅಜ್ಜಿ ಎಂದು ಕೂಗಿಸಿಕೊಂಡು ಕೂಗಿಸಿಕೊಂಡು ಸ್ವಂತ ಹೆಸರು ಪರರದ್ದಾಗಿ ಹೋಗಿದೆ, ಏಳಿ ಅಮ್ಮಾ, ಅಂದಳು ವಕೀಲಮ್ಮ.

ಕಟಕಟೆ ಅಂದರೆ ಏನೋ ಎಂದುಕೊಂಡಿದ್ದಳು, ಸೊಂಟದೆತ್ತರದ ಮರದ ಚೌಕಟ್ಟು ಅಷ್ಟೇ, ಹಿಡಿದು ಹಿಡಿದು ಮೇಲಂಚು ನುಣುಪಾಗಿದೆ, ಎಷ್ಟು ಜನರ ಅಂಗೈ ಬೆವರೋ, ನ್ಯಾಯಾಧೀಶರು ಕನ್ನಡಕದ ಹೆಂಗಸು, ಕುರ್ಚಿ ಕೊಡಿ ಅವರಿಗೆ ಅಂದರು, ಇವಳು ಬೇಡ ಅಂದಳು, ಕೂತರೆ ಏಳಲಾರೆ ಅನ್ನಿಸಿತು, ಅನ್ನಿಸಿದ್ದು ಹೇಳಬಾರದು. ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿಸಿದರು, ಹೇಳಿದಳು. ಇವಳು ಶುರು ಮಾಡುವ ಮೊದಲೇ ಮಗನ ವಕೀಲರು ಎದ್ದು ಕಾಗದ ತೆಗೆದರು, ನಿಮಗೆ ಕಿವಿ ಕೇಳ್ಸಲ್ಲ ಅಂತ ನೀವೇ ಹೇಳಿದ್ದು ಇಲ್ಲಿದೆಯಲ್ಲ, ಹೌದು ಸ್ವಾಮಿ, ಅದು ಸುಳ್ಳು. ಯಾವುದು ಸುಳ್ಳು, ಅವತ್ತಿನದೋ ಇವತ್ತಿನದೋ. ಅವತ್ತಿನದು. ಅವರು ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ ತೀರಾ ಸಣ್ಣ ದನಿಯಲ್ಲಿ ಏನೋ ಗೊಣಗಿದರು, ಮನೆ ಸಿಗುತ್ತೆ ಅಂತ ಸೊಸೆ ಹೇಳ್ಕೊಟ್ಟಳಾ — ಮನೆ ನನ್ನದೇ ಇದೆ ಸ್ವಾಮಿ, ನನಗ್ಯಾರೂ ಏನೂ ಹೇಳ್ಕೊಟ್ಟಿಲ್ಲ, ಅಂದಳು ಇವಳು, ಯಾರೋ ಹಿಂದೆ ಕಿಸಕ್ಕೆಂದು ನಕ್ಕರು, ನ್ಯಾಯಾಧೀಶರು ತಲೆಯೆತ್ತಲೇ ಇಲ್ಲ, ಮುಂದುವರಿಸಿ ಅಮ್ಮಾ, ಏನು ನಡೆಯಿತು. ಭಾನುವಾರ ಮಧ್ಯಾಹ್ನ, ಆಫೀಸರಮ್ಮ ಬಂದು ಹೋಗಿ ಎಂಟು ದಿನ, ನಾನು ಬಾಗಿಲ ಬೆಳಕಿನಲ್ಲಿ ಕೂತು ಕಾಜಾ ಹಾಕ್ತಿದ್ದೆ, ಅವನು ಅರ್ಜಿ ವಾಪಸ್ ತಗೋ ಅಂದ, ಅವಳು ತಗೊಳ್ಳಲ್ಲ ಅಂದಳು, ಅವನು ಅವಳ ತಲೇನ ಬಾಗಿಲ ಚೌಕಟ್ಟಿಗೆ ಹೊಡೆದ, ಒಂದು ಸಲ, ಇನ್ನೊಂದು ಸಲ, ನಾನು ಕಂಡೆ, ನನಗೆ ಕೇಳಿಸ್ತು. ಹೇಳುವಾಗ ಅವನ ಕಡೆ ನೋಡಬಾರದೆಂದುಕೊಂಡಿದ್ದಳು, ನೋಡಿದಳು, ಹಣೆಯ ಮೇಲೆ ಆ ಹಳೆಯ ಗಾಯದ ಗೆರೆ, ಅವನೂ ಅವಳನ್ನೇ ನೋಡುತ್ತಿದ್ದ, ಸಿಟ್ಟಿನಿಂದಲ್ಲ, ಬಸ್ಸಿನಲ್ಲಿ ಅಮ್ಮನ ಕೈ ತಪ್ಪಿಹೋದ ಮಗುವಿನ ಹಾಗೆ. ಮತ್ತೆ ಅಮ್ಮಾ. ಮತ್ತೆ, ಮೊಮ್ಮಗಳು, ಆರು ವರ್ಷ, ಟೀವಿ ಮುಂದೆ ಬೊಂಬೆ ಚಿತ್ರ ನೋಡ್ತಾ ಕೂತಿತ್ತು — ಇಲ್ಲಿ ನೀರು ಕೇಳಿದಳು, ಕೊಟ್ಟರು, ಕುಡಿದಳು — ಮಗು ತಿರುಗಿ ನೋಡಲಿಲ್ಲ, ಅಳಲಿಲ್ಲ, ರಿಮೋಟು ತಗೊಂಡು ಹೆಬ್ಬೆರಳಲ್ಲಿ ಸೌಂಡು ಜಾಸ್ತಿ ಮಾಡ್ತು, ಇನ್ನೂ ಜಾಸ್ತಿ, ಇನ್ನೂ ಜಾಸ್ತಿ, ಆಮೇಲೆ ನನ್ನ ಕಡೆ ನೋಡಿ ಕೇಳ್ತು, ಇಷ್ಟು ಸಾಕಾ ಅಜ್ಜಿ. ಕೋಣೆಯಲ್ಲಿ ಟೈಪಿನ ಸದ್ದು ನಿಂತಿತು. ಮಗೂಗೆ ಹಾಗೆ ಮಾಡೋದಕ್ಕೆ ಯಾರು ಹೇಳ್ಕೊಟ್ಟಿದ್ದು, ನ್ಯಾಯಾಧೀಶರು ಕೇಳಿದರು, ಮೆಲ್ಲಗೆ ಕೇಳಿದರು, ಇವಳಿಗೆ ಚೆನ್ನಾಗಿ ಕೇಳಿಸಿತು. ನಾನು. ಕೆಳಗಿನ ಮನೆಯವರಿಗೆ ಗೊತ್ತಾಗ್ಬಾರ್ದು ಅಂತ ನಾನೇ ದಿನಾ ಮಾಡ್ತಿದ್ದೆ, ಅದು ನೋಡಿ ಕಲ್ತುಕೊಂಡಿದೆ.

ಆದೇಶ ಊಟದ ಬಿಡುವು ಮುಗಿದ ಮೇಲೆ ಬಂತು, ಬೇಗ ಬೇಗ ಓದಿದರು, ಹೆಂಡತಿಯ ಮೈ ಮುಟ್ಟುವಂತಿಲ್ಲ, ಬೆದರಿಸುವಂತಿಲ್ಲ, ಅವಳು ಕೆಲಸ ಮಾಡುವ ಔಷಧಿ ಅಂಗಡಿಯ ಹತ್ತಿರ, ಮಗಳ ಶಾಲೆಯ ಹತ್ತಿರ ಸುಳಿಯುವಂತಿಲ್ಲ, ಇವತ್ತು ಸಂಜೆಯೊಳಗೆ ಮನೆ ಬಿಡಬೇಕು, ಮೀರಿದರೆ ಜೈಲು. ಸೊಸೆ ಕಾಗದವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು, ನೋಯುವ ಕೈಯಲ್ಲೂ, ಗೆದ್ದವಳ ಹಾಗೆ ಕಾಣಲಿಲ್ಲ, ದೂರ ನಡೆದು ಬಂದವಳ ಹಾಗೆ ಕಂಡಳು, ಅತ್ತೆ, ಮಗೂನ ಕರ್ಕೊಂಡು ಮನೆಗೆ ಹೋಗೋಣ್ವಾ ಅಂದಳು. ಮನೆಗೆ ಬರುವಷ್ಟರಲ್ಲಿ ಇಬ್ಬರು ಪೊಲೀಸರ ಜೊತೆ ಮಗನೂ ಬಂದ, ಈ ಸಲ ಪೊಲೀಸರು ಕೂರಲಿಲ್ಲ, ಬಾಗಿಲಲ್ಲೇ ನಿಂತರು, ಚಹಾ ಬೇಡಮ್ಮ ಅಂದರು. ಸೊಸೆ ಮಗುವನ್ನು ಕೋಣೆಗೆ ಕರೆದುಕೊಂಡು ಹೋದಳು. ಇವಳೇ ಅವನ ಅಂಗಿಗಳನ್ನು ಮಡಿಸಿ ಕೊಟ್ಟಳು, ಒಂದೊಂದರ ಗುಂಡಿಯನ್ನೂ ಹಾಕಿ, ತೋಳು ಕೆಳಗೆ ಮಡಿಸಿ, ಶಾಲೆಗೆ ಕಳಿಸುತ್ತಿದ್ದಾಗಿನಂತೆ, ಮಂಚದ ಕೆಳಗಿನಿಂದ ಅವನ ಸಾಮಾನಿನ ಚೀಲ ಎಳೆದುಕೊಟ್ಟಳು, ಸ್ಪ್ಯಾನರುಗಳು ಖಣಖಣ ಅಂದವು. ಎಲ್ಲಿರ್ತೀಯಾ. ಎಲ್ಲೋ ಇರ್ತೀನಿ. ಹೊಸ್ತಿಲಲ್ಲಿ ನಿಂತು ಅವಳಿಗಷ್ಟೇ ಕೇಳುವಂತೆ ಅಂದ, ನಿನಗೋಸ್ಕರ ಅಪ್ಪನ ಕೈ ಕಚ್ಚಿದೋನು ಅಮ್ಮ ನಾನು. ಅದಕ್ಕೇ ಕಣೋ, ಅಂದಳು, ಅದಕ್ಕೇ. ಅವನು ಮೆಟ್ಟಿಲು ಇಳಿಯುವ ಸದ್ದನ್ನು ಎಣಿಸಿದಳು, ಹದಿನಾಲ್ಕು, ನಡುವೆ ಒಂದು ಕಡೆ ನಿಂತ, ಮತ್ತೆ ಇಳಿದ.

ಐದು ಗಂಟೆಯ ಬಿಸಿಲು ನೆಲದ ಮೇಲೆ ಬಿದ್ದಿದೆ, ಸೊಸೆ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಾಳೆ, ಬಾಯಿ ಸ್ವಲ್ಪ ತೆರೆದಿದೆ, ಇಷ್ಟು ವರ್ಷದಲ್ಲಿ ಅವಳು ಹಗಲು ಮಲಗಿದ್ದನ್ನು ಕಂಡಿರಲಿಲ್ಲ, ಮಲಗಲಿ, ಕಾಗದ ತೊಡೆಯ ಮೇಲೇ ಇದೆ, ಗಾಳಿಗೆ ಹಾರದಂತೆ ತೆಗೆದಿಡಬೇಕು, ಬೀರುವಿನಲ್ಲಿ ಇಡಬೇಕು, ಎಷ್ಟು ತೆಳ್ಳಗಿನ ಕಾಗದ, ಇದಕ್ಕೆ ಅವನು ಹೆದರಿದನಲ್ಲ, ತನ್ನ ಕಾಲದಲ್ಲಿ ಇಂಥದ್ದೊಂದು — ಬೇಡ. ಮೊಮ್ಮಗಳು ಟೀವಿ ಹಾಕಿಕೊಂಡಿದೆ, ಸೌಂಡು ಜಾಸ್ತಿ ಇದೆ, ಅಮ್ಮ ಮಲ್ಗಿದ್ದಾಳೆ ಪುಟ್ಟಿ, ಕಡಿಮೆ ಮಾಡು, ಇನ್ನು ಅಷ್ಟೆಲ್ಲ ಬೇಡ, ಮಗು ಸುಮ್ಮನೆ ಕಡಿಮೆ ಮಾಡಿತು, ಪರದೆಯ ಮೇಲೆ ಸೌಂಡಿನ ಗೆರೆಗಳು ಒಂದೊಂದಾಗಿ ಅಳಿದವು, ಮನೆ ಇಷ್ಟು ಸದ್ದಿಲ್ಲದೆ ಇರಬಲ್ಲದೇ, ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿದೆ, ಸೊಸೆಯ ಉಸಿರು ಕೇಳುತ್ತಿದೆ, ಅವನು ಏನು ತಿಂದನೋ, ಎಲ್ಲಿ ಕೂತನೋ, ಕೇಳಬಾರದು, ಮನಸ್ಸು ಕೇಳುತ್ತದೆ. ಕೆಳಗಿನ ಮನೆಯಲ್ಲಿ ಯಾರೋ ಬಾಗಿಲು ದಢಾರೆಂದು ಹಾಕಿದರು, ಅಷ್ಟೇ, ಗಾಳಿಗಿರಬೇಕು, ಸೊಸೆಗೆ ಎಚ್ಚರವಾಗಲಿಲ್ಲ — ಮಗು ತಿರುಗಲಿಲ್ಲ, ಕಣ್ಣು ಚಿತ್ರದ ಮೇಲೆಯೇ, ಆದರೆ ಕೈ ಹೋಯಿತು, ರಿಮೋಟು ಸಿಕ್ಕಿತು, ಹೆಬ್ಬೆರಳು, ಉಗುರಿನಲ್ಲಿ ಶಾಲೆಯ ಬಣ್ಣದ ಮಣ್ಣು, ಸಣ್ಣ ಹೆಬ್ಬೆರಳು, ಒತ್ತುತ್ತಿದೆ, ಒಂದು ಗೆರೆ, ಇನ್ನೊಂದು ಗೆರೆ, ಬೇಡ ಪುಟ್ಟಿ, ಯಾರೂ ಇಲ್ಲ, ಅವನಿಲ್ಲ ಈಗ, ಇನ್ನೊಂದು ಗೆರೆ, ಆ ಹೆಬ್ಬೆರಳು, ಒತ್ತುತ್ತಲೇ, ಆ ಹೆಬ್ಬೆರಳು