ಅಂಟುವಾಳದಲ್ಲಿ ತೊಳೆದ ಫ್ಲಾಸ್ಕು

ನಮ್ಮ ಹೊಸೂರಿನ ಕಾಲೇಜಿನಲ್ಲಿ ಚಿನ್ನದ ಮೇಲೆ ಸೆಮಿನಾರ್ ಎಂದ ಕೂಡಲೇ ಊರಿನವರು ಕೇಳಿದ್ದು ಒಂದೇ ಮಾತು: ನೋಡೋಕೆ ಬಿಡ್ತೀರಾ? ಇದು ನ್ಯಾನೋ ಚಿನ್ನ, ಒಂದು ಕಣ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇರುವುದಿಲ್ಲ ಎಂದು ನಾನು ವಿವರಿಸಿದರೆ, ಮೇಷ್ಟರ ಮನೆಯಲ್ಲಿ ಇರುವುದೂ ಅಷ್ಟೇ ಚಿನ್ನ ಬಿಡಿ ಎಂದು ನಕ್ಕರು.

2007ರ ಮಾತು. ರಸಾಯನಶಾಸ್ತ್ರದ ಮುಖ್ಯಸ್ಥನಾಗಿ ನಾನು, ರಘೋತ್ತಮ, ಅದರ ಸಂಚಾಲಕ. ಬ್ಯಾನರಿನಲ್ಲಿ ನನ್ನ ಹೆಸರು ಮೂರು ಕಡೆ ಇತ್ತು; ನಾಲ್ಕನೆಯದಕ್ಕೆ ಜಾಗ ಸಾಲಲಿಲ್ಲ. ‘ಯುವ ವಿಜ್ಞಾನಿಗಳಿಗಾಗಿ’ ಎಂದು ಬರೆಸಿದ್ದೆವು. ಬಂದ ಯುವಕರಲ್ಲಿ ಇಬ್ಬರಿಗೆ ಓದುವ ಕನ್ನಡಕ ಬಂದಿತ್ತು.

ಬೆಂಗಳೂರಿನಿಂದ ಬಂದಿದ್ದ ಪ್ರೊಫೆಸರ್ ಶ್ಯಾಮಣ್ಣನವರು, ಚೆನ್ನಾಗಿ ಕೆಲಸ ತೋರಿಸಿದ ಒಬ್ಬರಿಗೆ ತಮ್ಮ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಒಂದು ವಾರ ಬಿಟ್ಟುಕೊಡುವುದಾಗಿ ಹೇಳಿದ್ದರು. ಎಲ್ಲರಿಗಿಂತ ಹೆಚ್ಚು ಅದು ಬೇಕಾಗಿದ್ದದ್ದು ಹರ್ಷಿತಾಳಿಗೆ. ಬಾಗಲೂರಿನವಳು, ನನ್ನ ಹಳೆಯ ವಿದ್ಯಾರ್ಥಿನಿ. ಅಪ್ಪ ಭೈರೇಶ್ ಮಂಡ್ಯದ ಕಡೆಯಿಂದ ಬಂದು ಇಲ್ಲಿ ಕಾರ್ಖಾನೆ ಸೇರಿದವರು. ಕಣಗಳ ಫೋಟೋ ಇಲ್ಲದೆ ಅವಳ ಪಿಎಚ್‌ಡಿ ಹದಿನಾಲ್ಕು ತಿಂಗಳಿಂದ ನಿಂತಲ್ಲೇ ನಿಂತಿತ್ತು.

ಅವಳು ತೋರಿಸಬೇಕಿದ್ದದ್ದು ಸರಳ. ನ್ಯಾನೋ ಚಿನ್ನದ ದ್ರಾವಣ ದಾಳಿಂಬೆ ರಸದ ಹಾಗೆ ಕೆಂಪಗಿರುತ್ತದೆ. ಉಪ್ಪುನೀರು ಬಿದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ದ್ರಾವಣ ನೀಲಿಯಾಗುತ್ತದೆ. ಬೋರ್‌ವೆಲ್ ನೀರಿನ ಉಪ್ಪನ್ನು ಹೀಗೆ ಪತ್ತೆ ಹಚ್ಚುವುದು ಅವಳ ಯೋಚನೆ. ಗಾಜು ಮಾತ್ರ ತೀರಾ ಶುದ್ಧವಾಗಿರಬೇಕು. ತನ್ನ ಫ್ಲಾಸ್ಕನ್ನೇ ತರುತ್ತೇನೆ ಎಂದು ಫೋನ್ ಮಾಡಿದಳು. ನನಗೆ ಅವಮಾನವಾಯಿತು. ನಮ್ಮ ಲ್ಯಾಬಿನಲ್ಲಿ ಫ್ಲಾಸ್ಕಿಗೆ ಬರವೇ ಎಂದು ಗದರಿಸಿ, ಅಟೆಂಡರ್ ತುಳಸಮ್ಮನನ್ನು ಕರೆದು, ಒಂದು ಫ್ಲಾಸ್ಕು ಕೊಟ್ಟು, ಇದರಲ್ಲಿ ಚಿನ್ನ ಹಾಕುತ್ತಾರೆ, ಜೋಪಾನವಾಗಿ ತೊಳೆದಿಡು ಎಂದೆ.

ಹರ್ಷಿತಾ ಸಭೆಯ ಮುಂದೆ ಬಾಟಲಿಯಿಂದ ಫ್ಲಾಸ್ಕಿಗೆ ದ್ರಾವಣ ಸುರಿದು, ಉಪ್ಪುನೀರು ಹಾಕಿ, ಈಗ ನೀಲಿಯಾಗುತ್ತದೆ ನೋಡಿ ಎಂದಳು. ಆಗಲಿಲ್ಲ. ಇನ್ನಷ್ಟು ಹಾಕಿದಳು. ಕೆಂಪು ಕೆಂಪಾಗಿಯೇ ಕೂತಿತ್ತು. ಹಿಂದಿನ ಸಾಲಿನ ಯುವ ವಿಜ್ಞಾನಿಯೊಬ್ಬರು ಕನ್ನಡಕ ಒರೆಸಿಕೊಂಡು ನಕ್ಕರು. ನಾನೋ, ದೇವರಾಣೆ ಹೇಳುತ್ತೇನೆ, ತಪ್ಪು ಅವಳ ಬಾಟಲಿಯದ್ದೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಅವಳು ಮೇಜಿನ ಮೇಲಿದ್ದ ಬಳಸದ ಪ್ಲಾಸ್ಟಿಕ್ ಟೀ ಕಪ್ಪೊಂದಕ್ಕೆ ಅದೇ ಬಾಟಲಿಯ ದ್ರಾವಣ ಸುರಿದು, ಅದೇ ಉಪ್ಪುನೀರು ಹಾಕಿದಳು. ನೋಡುನೋಡುತ್ತಿದ್ದಂತೆ ನೀಲಿಯಾಯಿತು. ಅಲ್ಲಿಗೆ ಗುಟ್ಟು ಇದ್ದದ್ದು ಬಾಟಲಿಯಲ್ಲಲ್ಲ, ನಮ್ಮ ಫ್ಲಾಸ್ಕಿನಲ್ಲಿ. ಇದನ್ನು ತೊಳೆದವರು ಯಾರು ಎಂದು ಕೇಳಿದಳು. ಬಾಗಿಲ ಬಳಿ ಟೀ ತಟ್ಟೆ ಹಿಡಿದು ನಿಂತಿದ್ದ ತುಳಸಮ್ಮನ ಕಡೆ ಎಲ್ಲರೂ ತಿರುಗಿದರು.

“ಚಿನ್ನ ಆಕ್ತಾರೆ ಅಂದ್ರಲ್ಲ ಸಾರು,” ಎಂದರು ತುಳಸಮ್ಮ ನನ್ನನ್ನು ನೋಡಿ. “ಚಿನ್ನಾನ ಯಾರಾರ ಸೋಪಲ್ಲಿ ತೊಳೀತಾರಾ? ಅಂಟುವಾಳಕಾಯಿ ನೆನೆಸಿ ಆ ನೊರೇಲಿ ತೊಳ್ದೆ. ಬೋರಿನ ನೀರು ಉಪ್ಪು, ಅದ್ರಲ್ಲಿ ಮತ್ತೆ ತೊಳೀಲಿಲ್ಲ, ನೊರೆ ಅಂಗೇ ಬಿಟ್ಟೆ. ನೆಳ್ಳಲ್ಲಿ ಒಣಗಾಕ್ದೆ.”

ಸಭೆ ಗೊಳ್ಳೆಂದು ನಕ್ಕಿತು. ಮೂಗುತಿಗೂ ಓಲೆಗೂ ಮಾಡುವ ಮರ್ಯಾದೆಯನ್ನು ಆಕೆ ಗಾಜಿಗೆ ಮಾಡಿದ್ದರು. ನನ್ನ ಮುಖ ಟೀ ಕಪ್ಪಿಗಿಂತ ನೀಲಿಯಾಗಿರಬೇಕು. ಶ್ಯಾಮಣ್ಣನವರು ಮಾತ್ರ ನಗದೆ, ಹಾಗಾದರೆ ಫ್ಲಾಸ್ಕಿನ ತಪ್ಪೆಂದು ಬರೆದುಕೊಳ್ಳೋಣವೇ ಎಂದು ಹರ್ಷಿತಾಳನ್ನು ಕೇಳಿದರು.

ಹೂಂ ಎಂದಿದ್ದರೆ ಅವಳ ಪ್ರಯೋಗ ಗೆದ್ದಂತೆಯೇ. ಅವಳು ಹೂಂ ಎನ್ನಲಿಲ್ಲ.

“ತಪ್ಪು ಅಂತ ಹೇಗೆ ಬರೆಯೋದು ಸಾರ್? ನನ್ನ ಚಿನ್ನ ಉಪ್ಪಿಗೆ ಕೆಟ್ಟೋಯ್ತು. ತುಳಸಮ್ಮಂದು ಕೆಡ್ಲಿಲ್ಲ. ನೊರೇಲಿರೋದು ಏನೋ ಕಾಪಾಡ್ತಿದೆ. ಏನು ಅಂತ ನಂಗೆ ಗೊತ್ತಿಲ್ಲ.”

ಬೆಳಗಿನಿಂದ ಆ ವೇದಿಕೆಯ ಮೇಲೆ ಗೊತ್ತಿಲ್ಲ ಎಂದವರು ಅವಳೊಬ್ಬಳೇ. ಉಳಿದವರಿಗೆಲ್ಲ ಎಲ್ಲವೂ ಗೊತ್ತಿತ್ತು. ಸಂಜೆ ಶ್ಯಾಮಣ್ಣನವರು ಸೂಕ್ಷ್ಮದರ್ಶಕದ ಅರ್ಜಿಯನ್ನು ಅವಳ ಕೈಗೇ ಕೊಟ್ಟು, ಎರಡೂ ಚಿನ್ನವನ್ನು ತೆಗೆದುಕೊಂಡು ಬಾ ಎಂದರು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅರ್ಜಿಯಲ್ಲಿ ‘ಮಾದರಿ ಸಿದ್ಧಪಡಿಸಿದವರು’ ಎಂಬ ಸಾಲಿತ್ತು. ತನ್ನ ಹೆಸರು ಬರೆದು, ಟೀ ಕಪ್ಪುಗಳನ್ನು ಆಯುತ್ತಿದ್ದ ತುಳಸಮ್ಮನನ್ನು ಕರೆದು, ಪೂರ್ತಿ ಹೆಸರು ಹೇಳಿ ಎಂದಳು. ತುಳಸಮ್ಮ ಕೈಯಲ್ಲಿದ್ದ ಕಪ್ಪುಗಳನ್ನು ಕೆಳಗಿಟ್ಟು ಕೈ ಮುಗಿದರು.

“ನನ್ನೆಸ್ರು ಬ್ಯಾಡ ಕಣವ್ವ. ಇನ್ಮ್ಯಾಕೆ ಸೋಪಲ್ಲೇ ತೊಳೀತೀನಿ.”

ಹರ್ಷಿತಾಳಿಗೆ ಅರ್ಥವಾಗಲಿಲ್ಲ. ನನಗಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಈ ಕಾಲೇಜು ಕಾಗದದ ಮೇಲೆ ಆಕೆಯ ಹೆಸರು ಬರೆದಿದ್ದೆಲ್ಲ ಮೆಮೊ ಕೊಡುವುದಕ್ಕೆ: ಬೀಕರ್ ಒಡೆದದ್ದಕ್ಕೆ, ತಡವಾಗಿ ಬಂದದ್ದಕ್ಕೆ. ಹೆಚ್ಚಿನವಕ್ಕೆ ಸಹಿ ನನ್ನದೇ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಇದು ಮೆಮೊ ಅಲ್ಲ ತುಳಸಮ್ಮ, ಒಳ್ಳೆಯದಕ್ಕೇ ಕೇಳುತ್ತಿರುವುದು ಎಂದೆ. ಆಕೆ ನನ್ನ ಮಾತು ನಂಬಲಿಲ್ಲ. ಹರ್ಷಿತಾಳ ಮುಖವನ್ನು ಬಹಳ ಹೊತ್ತು ನೋಡಿ, ಅವಳು ಹೌದೆಂದು ತಲೆಯಾಡಿಸಿದ ಮೇಲೆಯೇ, ಮೆಲ್ಲಗೆ, ಉದ್ದನಪಲ್ಲಿ ಮುನಿಶಾಮಪ್ಪನ ಮಗಳು ತುಳಸಮ್ಮ ಎಂದು ಬರೆಸಿದರು.